ಶಿಶುಗಳ ಯೀಸ್ಟ್ ಡೈಪರ್ ದದ್ದು

ಯೀಸ್ಟ್ ಡೈಪರ್ ದದ್ದು ಎಂಬುದು ಲಂಗೋಟಿ ಅಥವಾ ಡೈಪರ್ ಆವರಿಸುವ ಭಾಗದಲ್ಲಿ, ಅಂದರೆ ತೊಡೆಸಂದು, ಜನನಾಂಗದ ಸುತ್ತಲಿನ ಚರ್ಮ, ಪೃಷ್ಠ ಮತ್ತು ಕೆಳಹೊಟ್ಟೆಯಲ್ಲಿ, ಕ್ಯಾಂಡಿಡಾ ಎಂಬ ಶಿಲೀಂಧ್ರದಿಂದ ಉಂಟಾಗುವ ಚರ್ಮದ ಉರಿಯೂತ. ಹುಟ್ಟಿದ ಮೊದಲ ಎರಡು ವರ್ಷಗಳಲ್ಲಿ ಮಕ್ಕಳಿಗೆ ಬರುವ ಸಾಮಾನ್ಯ ಚರ್ಮದ ತೊಂದರೆಗಳಲ್ಲಿ ಇದೂ ಒಂದು. ಮಗುವಿನ ಪ್ರಾಣಕ್ಕೆ ಇದರಿಂದ ಅಪಾಯವಾಗುವುದು ಅಪರೂಪ. ಆದರೆ ಉರಿ ಮತ್ತು ನೋವಿನಿಂದ ಮಗು ಅಳುತ್ತದೆ, ನಿದ್ರೆ ಕೆಡುತ್ತದೆ, ಮಲಮೂತ್ರ ವಿಸರ್ಜನೆಯ ವೇಳೆ ಚೀರುತ್ತದೆ. ಸರಿಯಾದ ಶಿಲೀಂಧ್ರನಾಶಕ ಲೇಪ ಮತ್ತು ಚರ್ಮವನ್ನು ಒಣಗಿಸಿಡುವ ಆರೈಕೆಯಿಂದ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಇದು ಸಂಪೂರ್ಣ ಗುಣವಾಗುತ್ತದೆ. ತಪ್ಪು ಮುಲಾಮು, ವಿಶೇಷವಾಗಿ ಪ್ರಬಲ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದಾಗ, ಈ ಸಾಮಾನ್ಯ ತೊಂದರೆಯೇ ಗಂಭೀರ ಸ್ವರೂಪ ತಾಳಬಹುದು.

ಹೆಸರು

ವೈದ್ಯಕೀಯದಲ್ಲಿ ಇದನ್ನು ಕ್ಯಾಂಡಿಡಾ ಡೈಪರ್ ಡರ್ಮಟೈಟಿಸ್ ಎಂದು ಕರೆಯುತ್ತಾರೆ. ಡರ್ಮಟೈಟಿಸ್ ಎಂದರೆ ಚರ್ಮದ ಉರಿಯೂತ. ರೋಗಕಾರಕ ಶಿಲೀಂಧ್ರದ ಪೂರ್ಣ ಹೆಸರು ಕ್ಯಾಂಡಿಡಾ ಅಲ್ಬಿಕನ್ಸ್. ಲ್ಯಾಟಿನ್ ಮೂಲದ ಈ ಎರಡೂ ಪದಗಳು ಬಿಳಿಯ ಬಣ್ಣವನ್ನೇ ಸೂಚಿಸುತ್ತವೆ. ದದ್ದು ಕಡುಗೆಂಪಾಗಿದ್ದರೂ ಶಿಲೀಂಧ್ರಕ್ಕೆ ಈ ಹೆಸರು ಬಂದುದಕ್ಕೆ ಕಾರಣ, ಅದು ಬಾಯಿಯೊಳಗೆ ಬೆಳೆದಾಗ ಹೆಪ್ಪುಗಟ್ಟಿದ ಹಾಲಿನಂಥ ಬಿಳಿಯ ಪದರವಾಗಿ ಕಾಣುವುದು. ಕರ್ನಾಟಕದ ಮನೆಗಳಲ್ಲಿ ಈ ದದ್ದಿಗೆ ಪ್ರತ್ಯೇಕ ಹೆಸರಿಲ್ಲ. "ಉಷ್ಣಕ್ಕೆ ಕೆಂಪಾಗಿದೆ", "ಕಾಲುಸಂದು ಬೆಂದಿದೆ" ಎಂಬ ಮಾತುಗಳಲ್ಲಿ ಎಲ್ಲ ಬಗೆಯ ಲಂಗೋಟಿ ದದ್ದುಗಳೂ ಸೇರಿಹೋಗುತ್ತವೆ. ಬೇರೆ ಬೇರೆ ದದ್ದುಗಳಿಗೆ ಬೇರೆ ಬೇರೆ ಚಿಕಿತ್ಸೆ ಬೇಕಾಗುವುದರಿಂದ ಅವುಗಳ ನಡುವಿನ ವ್ಯತ್ಯಾಸವನ್ನು ತಿಳಿಯುವುದು ಅಗತ್ಯ.

ಕಾರಣ

ಕ್ಯಾಂಡಿಡಾ ಒಂದು ಏಕಕೋಶ ಶಿಲೀಂಧ್ರ. ಯೀಸ್ಟ್ ಗುಂಪಿಗೆ ಸೇರಿದ್ದು. ಆರೋಗ್ಯವಂತರಾದ ಅನೇಕರ ಬಾಯಿ, ಕರುಳು ಮತ್ತು ಜನನಾಂಗದಲ್ಲಿ ಇದು ಯಾವ ತೊಂದರೆಯನ್ನೂ ಕೊಡದೆ ನೆಲೆಸಿರುತ್ತದೆ. ಹೆರಿಗೆಯ ಸಮಯದಲ್ಲಿಯೋ ಅನಂತರದ ದಿನಗಳಲ್ಲಿಯೋ ಅದು ಶಿಶುವಿನ ಕರುಳನ್ನು ಸೇರುವುದು ಸಹಜ. ಅಲ್ಲಿಂದ ಮಲದೊಡನೆ ಹೊರಬಂದು ಚರ್ಮವನ್ನು ತಲುಪುತ್ತದೆ. ಆದ್ದರಿಂದ ದದ್ದು ಬಂದ ಮಾತ್ರಕ್ಕೆ ಮನೆಯವರು ಶುಚಿಯಾಗಿಲ್ಲವೆಂದಾಗಲಿ, ತಾಯಿಯ ಪಥ್ಯದಲ್ಲಿ ತಪ್ಪಾಗಿದೆಯೆಂದಾಗಲಿ ಹೇಳಲಾಗದು.

ಗಟ್ಟಿಯಾದ ಒಣಚರ್ಮವನ್ನು ಈ ಶಿಲೀಂಧ್ರ ಸುಲಭವಾಗಿ ಭೇದಿಸಲಾರದು. ಚರ್ಮದ ಮೇಲ್ಪದರ ದುರ್ಬಲವಾದಾಗ ಅದಕ್ಕೆ ದಾರಿ ಸಿಗುತ್ತದೆ. ಈ ಪ್ರಕ್ರಿಯೆ ಹಂತ ಹಂತವಾಗಿ ನಡೆಯುತ್ತದೆ. ಒದ್ದೆ ಬಟ್ಟೆ ಬಹಳ ಹೊತ್ತು ತಾಗಿಕೊಂಡಿದ್ದರೆ ಚರ್ಮ ನೆನೆದು ಮೆತ್ತಗಾಗುತ್ತದೆ ಮತ್ತು ಉಜ್ಜಿದಲ್ಲೆಲ್ಲ ಸವೆಯುತ್ತದೆ. ಮಲದಲ್ಲಿರುವ ಬ್ಯಾಕ್ಟೀರಿಯಾಗಳ ಕಿಣ್ವ ಮೂತ್ರದ ಯೂರಿಯಾವನ್ನು ವಿಭಜಿಸಿ ಅಮೋನಿಯಾ ಉಂಟುಮಾಡುತ್ತದೆ. ಸ್ವಭಾವತಃ ಸ್ವಲ್ಪ ಆಮ್ಲೀಯವಾಗಿರುವ ಚರ್ಮ ಇದರಿಂದ ಕ್ಷಾರೀಯವಾಗುತ್ತದೆ. ಕ್ಷಾರೀಯ ಪರಿಸರದಲ್ಲಿ ಮಲದಲ್ಲಿರುವ ಪ್ರೋಟೀನ್ ಮತ್ತು ಕೊಬ್ಬನ್ನು ಕರಗಿಸುವ ಕಿಣ್ವಗಳು ಚುರುಕಾಗಿ ಚರ್ಮವನ್ನೇ ಕೊರೆಯತೊಡಗುತ್ತವೆ. ಹೀಗೆ ಸವೆದ, ಬೆಚ್ಚಗಿನ, ತೇವವಾದ, ಗಾಳಿಯಾಡದ ಚರ್ಮದ ಮಡಿಕೆಗಳಲ್ಲಿ ಕ್ಯಾಂಡಿಡಾ ವೇಗವಾಗಿ ವೃದ್ಧಿಸುತ್ತದೆ. ಅಂದರೆ, ಬಹುತೇಕ ಸಂದರ್ಭಗಳಲ್ಲಿ ಮೊದಲು ಬರುವುದು ತೇವದಿಂದಾದ ಸಾಮಾನ್ಯ ದದ್ದು. ಅದು ಮೂರು ದಿನಗಳಿಗೂ ಹೆಚ್ಚು ಕಾಲ ಉಳಿದರೆ ಅದರ ಮೇಲೆ ಶಿಲೀಂಧ್ರ ಸೇರಿಕೊಳ್ಳುವ ಸಂಭವ ಹೆಚ್ಚು.

ಸಂಭವ ಹೆಚ್ಚಿಸುವ ಸಂದರ್ಭಗಳು

ಮಗುವಿಗೆ ಆ್ಯಂಟಿಬಯೋಟಿಕ್ ಔಷಧ ಕೊಟ್ಟಾಗ ಶಿಲೀಂಧ್ರವನ್ನು ಹದ್ದಿನಲ್ಲಿಡುವ ಕರುಳಿನ ಬ್ಯಾಕ್ಟೀರಿಯಾಗಳು ನಾಶವಾಗುತ್ತವೆ. ಇದರಿಂದ ಕ್ಯಾಂಡಿಡಾ ಹೆಚ್ಚುತ್ತದೆ. ಎದೆಹಾಲೂಡುವ ತಾಯಿ ಆ್ಯಂಟಿಬಯೋಟಿಕ್ ಸೇವಿಸಿದಾಗಲೂ ಈ ಸಾಧ್ಯತೆಯಿದೆ. ಭೇದಿಯಾದಾಗ ಮಲದ ಸಂಪರ್ಕ ಪದೇ ಪದೇ ಆಗುವುದರಿಂದ ಚರ್ಮ ಬೇಗ ಸವೆಯುತ್ತದೆ. ಮಗುವಿನ ಬಾಯಿಯಲ್ಲಿ ಕ್ಯಾಂಡಿಡಾ ಸೋಂಕು ಇದ್ದರೆ ಅದೇ ಶಿಲೀಂಧ್ರ ಕರುಳಿನ ಮೂಲಕ ಕೆಳಭಾಗಕ್ಕೂ ತಲುಪುತ್ತದೆ. ಗಟ್ಟಿ ಆಹಾರ ಆರಂಭವಾದ ಮೇಲೆ ಮಲದ ಸ್ವರೂಪ ಬದಲಾಗುವುದೂ ಒಂದು ಕಾರಣ. ಡೈಪರ್ ದದ್ದುಗಳು 9ರಿಂದ 12 ತಿಂಗಳ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುತ್ತವೆ. ಎದೆಹಾಲನ್ನಷ್ಟೇ ಕುಡಿಯುವ ಶಿಶುಗಳ ಮಲ ಕಡಿಮೆ ಕ್ಷಾರೀಯವಾಗಿರುವುದರಿಂದ ಅವುಗಳಿಗೆ ದದ್ದಿನ ಬಾಧೆ ಸ್ವಲ್ಪ ಕಡಿಮೆ.

ಲಕ್ಷಣಗಳು

ಯೀಸ್ಟ್ ದದ್ದಿನ ಮುಖ್ಯ ಗುರುತುಗಳು ಹೀಗಿವೆ:

- ಚರ್ಮ ಹಸಿಮಾಂಸದಂತೆ ಕಡುಗೆಂಪಾಗಿ ಹೊಳೆಯುತ್ತದೆ. ಕಪ್ಪು ಅಥವಾ ಎಣ್ಣೆಗೆಂಪು ಮೈಬಣ್ಣದ ಮಕ್ಕಳಲ್ಲಿ ಇದು ಕೆಂಪಿಗಿಂತ ನೇರಳೆ ಅಥವಾ ಕಂದು ಛಾಯೆಯಲ್ಲಿ ಕಾಣಬಹುದು.
- ದದ್ದಿನ ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿರುತ್ತದೆ. ಅಂಚಿನಲ್ಲಿ ತೆಳುವಾದ ಬಿಳಿಯ ಹೊಟ್ಟು ಏಳುತ್ತದೆ.
- ತೊಡೆಸಂದಿನ ಮಡಿಕೆಗಳ ಒಳಭಾಗವೂ ಕೆಂಪಾಗಿರುತ್ತದೆ.
- ಮುಖ್ಯ ದದ್ದಿನಿಂದ ಸ್ವಲ್ಪ ದೂರದಲ್ಲಿ ಚಿಕ್ಕ ಚಿಕ್ಕ ಕೆಂಪು ಗುಳ್ಳೆಗಳು ಅಥವಾ ಕೀವುಗುಳ್ಳೆಗಳು ಚದುರಿರುತ್ತವೆ. ಇವನ್ನು ವೈದ್ಯರು ಉಪಗ್ರಹ ಗುಳ್ಳೆಗಳೆನ್ನುತ್ತಾರೆ.
- ಸಾಮಾನ್ಯ ಡೈಪರ್ ಲೇಪ ಹಚ್ಚಿದರೂ ಎರಡು ಮೂರು ದಿನಗಳಲ್ಲಿ ದದ್ದು ಇಳಿಯುವುದಿಲ್ಲ.

ತೇವದಿಂದಾಗುವ ಸಾಮಾನ್ಯ ದದ್ದು ಬಟ್ಟೆ ತಾಗುವ ಉಬ್ಬು ಭಾಗಗಳಲ್ಲಿ, ಅಂದರೆ ಪೃಷ್ಠ, ತೊಡೆಯ ಮೇಲ್ಭಾಗ ಮತ್ತು ಕೆಳಹೊಟ್ಟೆಯಲ್ಲಿ, ಕಾಣಿಸಿಕೊಳ್ಳುತ್ತದೆ. ಬಟ್ಟೆ ತಾಗದ ಮಡಿಕೆಗಳ ಒಳಭಾಗ ಅದರಲ್ಲಿ ಬಹುಮಟ್ಟಿಗೆ ಸ್ವಚ್ಛವಾಗಿ ಉಳಿದಿರುತ್ತದೆ. ಮಡಿಕೆಯನ್ನು ಮೆಲ್ಲಗೆ ಬಿಡಿಸಿ ನೋಡುವುದು ಮನೆಯವರಿಗೆ ದೊರೆಯುವ ಅತ್ಯಂತ ಸರಳವಾದ ಸುಳಿವು. ಜೊತೆಗೆ ಮಗುವಿನ ಬಾಯಿಯನ್ನೂ ನೋಡಬೇಕು. ನಾಲಿಗೆ ಅಥವಾ ಕೆನ್ನೆಯ ಒಳಭಾಗದಲ್ಲಿ ಒರೆಸಿದರೂ ಸುಲಭವಾಗಿ ಹೋಗದ ಬಿಳಿಯ ಪದರವಿದ್ದರೆ ಅದು ಬಾಯಿಯ ಕ್ಯಾಂಡಿಡಾ ಸೋಂಕಿನ ಲಕ್ಷಣ. ನಾಲಿಗೆಯ ಮೇಲೆ ಉಳಿದ ಹಾಲಾದರೆ ಒರೆಸಿದೊಡನೆ ಹೋಗುತ್ತದೆ.

ರೋಗನಿರ್ಣಯ

ನೋಟದಿಂದಲೇ ವೈದ್ಯರು ಸಾಮಾನ್ಯವಾಗಿ ಈ ದದ್ದನ್ನು ಗುರುತಿಸುತ್ತಾರೆ. ಸಂದೇಹವಿದ್ದರೆ ದದ್ದಿನ ಅಂಚಿನಿಂದ ಕೆರೆದು ತೆಗೆದ ಹೊಟ್ಟನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗುತ್ತದೆ. ಚರ್ಮದ ಕೋಶಗಳು ಕರಗಿ, ಮೊಗ್ಗೊಡೆಯುವ ಯೀಸ್ಟ್ ಕೋಶಗಳೂ ಎಳೆಯಂಥ ರಚನೆಗಳೂ ಕಾಣುತ್ತವೆ.

ಇದನ್ನು ಹೋಲುವ ಇತರ ತೊಂದರೆಗಳೂ ಇವೆ. ಬೆವರುಸಾಲೆ, ಕಜ್ಜಿ, ಬ್ಯಾಕ್ಟೀರಿಯಾ ಸೋಂಕಿನ ಕೀವುಗುಳ್ಳೆಗಳು, ನೆತ್ತಿಯಲ್ಲಿ ಹೊಟ್ಟು ಬರಿಸುವ ಸೆಬೊರಿಕ್ ಉರಿಯೂತ, ಸೋರಿಯಾಸಿಸ್ ಇವುಗಳಲ್ಲಿ ಮುಖ್ಯವಾದವು. ಸತುವಿನ ಕೊರತೆಯಿಂದ ಆಗುವ ದದ್ದು ಪೃಷ್ಠದ ಜೊತೆಗೆ ಬಾಯಿಯ ಸುತ್ತ, ಕೈಕಾಲುಗಳ ತುದಿಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅದು ಶಿಲೀಂಧ್ರನಾಶಕಕ್ಕೆ ಮಣಿಯುವುದಿಲ್ಲ.

ಚಿಕಿತ್ಸೆ

ಶಿಲೀಂಧ್ರನಾಶಕ ಲೇಪ: ಯೀಸ್ಟ್ ದದ್ದಿನ ಮೂಲ ಚಿಕಿತ್ಸೆ ಇದು. ಸಾಮಾನ್ಯವಾಗಿ ಬಳಸುವವು ಮೂರು: ಶೇಕಡಾ 1ರ ಕ್ಲೋಟ್ರಿಮಜೋಲ್, ಶೇಕಡಾ 2ರ ಮೈಕೊನಜೋಲ್ ಮತ್ತು ನಿಸ್ಟಾಟಿನ್. ಇವುಗಳಲ್ಲಿ ಕ್ಲೋಟ್ರಿಮಜೋಲ್ ಲೇಪ ಭಾರತದ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಬೇರೇನೂ ಬೆರೆಯದ, ಈ ಒಂದೇ ಔಷಧವುಳ್ಳ ಲೇಪವನ್ನೇ ಆರಿಸಿಕೊಳ್ಳಬೇಕು. ಮಗುವಿನ ವಯಸ್ಸು ಮತ್ತು ದದ್ದಿನ ಸ್ವರೂಪವನ್ನು ನೋಡಿ ಔಷಧವನ್ನು ನಿರ್ಧರಿಸಬೇಕಾದವರು ವೈದ್ಯರು.

ಹಚ್ಚುವ ಕ್ರಮ: ಹಚ್ಚುವವರು ಮೊದಲು ಕೈಯನ್ನು ಸೋಪಿನಿಂದ ತೊಳೆಯಬೇಕು. ಮಗುವಿನ ಚರ್ಮವನ್ನು ಉಗುರುಬೆಚ್ಚಗಿನ ನೀರಿನಿಂದ ಶುಚಿಮಾಡಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಬೇಕು, ಉಜ್ಜಬಾರದು. ಮಡಿಕೆಗಳ ಒಳಗೂ ತೇವ ಉಳಿಯದಂತೆ ನೋಡಿಕೊಂಡು, ಕೆಲವು ನಿಮಿಷ ಗಾಳಿಗೆ ಬಿಟ್ಟು, ಲೇಪವನ್ನು ತೆಳುವಾಗಿ ಹಚ್ಚಬೇಕು. ದದ್ದಿನ ಅಂಚಿನಾಚೆಯ ಉಪಗ್ರಹ ಗುಳ್ಳೆಗಳಿಗೂ ಲೇಪ ತಗುಲಬೇಕು. ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಹಚ್ಚುವುದು ಸಾಕು. ನಿಸ್ಟಾಟಿನ್ ಆದರೆ ವೈದ್ಯರು ಇನ್ನೂ ಹೆಚ್ಚು ಬಾರಿ ಹೇಳಬಹುದು. ದಪ್ಪವಾಗಿ ಬಳಿಯುವುದರಿಂದ ಬೇಗ ಗುಣವಾಗುವುದಿಲ್ಲ.

ಅವಧಿ: ಎರಡು ಮೂರು ದಿನಗಳಲ್ಲಿ ಕೆಂಪು ಇಳಿಯತೊಡಗುತ್ತದೆ. ಆಗಲೇ ಔಷಧವನ್ನು ನಿಲ್ಲಿಸುವುದು ಮನೆಗಳಲ್ಲಿ ಹೆಚ್ಚಾಗಿ ಆಗುವ ತಪ್ಪು. ಕಣ್ಣಿಗೆ ಕಾಣದ ಶಿಲೀಂಧ್ರ ಉಳಿದಿದ್ದು, ದದ್ದು ಮರುಕಳಿಸುತ್ತದೆ. ಆದ್ದರಿಂದ ಚರ್ಮ ಪೂರ್ತಿ ತಿಳಿಯಾದ ಮೇಲೂ ವೈದ್ಯರು ಹೇಳಿದಷ್ಟು ದಿನ ಹಚ್ಚಬೇಕು. ಒಟ್ಟು ಅವಧಿ ಸಾಮಾನ್ಯವಾಗಿ 7ರಿಂದ 14 ದಿನಗಳು.

ರಕ್ಷಕ ಲೇಪ: ಸತುವಿನ ಆಕ್ಸೈಡ್ ಅಥವಾ ಪೆಟ್ರೋಲಿಯಂ ಜೆಲ್ಲಿ ಇರುವ ಲೇಪಗಳು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಅವು ಚರ್ಮಕ್ಕೂ ಮಲಮೂತ್ರಕ್ಕೂ ನಡುವೆ ಗೋಡೆಯಂತೆ ನಿಲ್ಲುತ್ತವೆ. ಶಿಲೀಂಧ್ರನಾಶಕವನ್ನು ಮೊದಲು ಹಚ್ಚಿ, ಅದು ಇಂಗಿದ ಮೇಲೆ ರಕ್ಷಕ ಲೇಪವನ್ನು ಹಚ್ಚುವುದು ಸರಿಯಾದ ಕ್ರಮ. ಪ್ರತಿ ಬಾರಿ ಬಟ್ಟೆ ಬದಲಿಸುವಾಗ ಹಿಂದಿನ ಲೇಪವನ್ನು ಕೆರೆದು ತೆಗೆಯಬೇಕಿಲ್ಲ. ಮೇಲಿನ ಮಲಿನ ಪದರವನ್ನಷ್ಟೇ ಒರೆಸಿ ಹೊಸ ಲೇಪವನ್ನು ಸೇರಿಸಿದರಾಯಿತು.

ಬಾಯಿಯ ಸೋಂಕು: ಬಾಯಿಯಲ್ಲಿಯೂ ಕ್ಯಾಂಡಿಡಾ ಇದ್ದರೆ ಅದಕ್ಕೂ ಏಕಕಾಲದಲ್ಲಿ ಚಿಕಿತ್ಸೆಯಾಗಬೇಕು, ಇಲ್ಲವಾದರೆ ಕೆಳಗಿನ ದದ್ದು ಮತ್ತೆ ಮತ್ತೆ ಬರುತ್ತದೆ. ಹಾಲೂಡುವ ತಾಯಿಯ ಮೊಲೆತೊಟ್ಟಿನಲ್ಲಿ ಉರಿ, ಬಿರುಕು, ನೋವು ಇದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ಇದಕ್ಕಾಗಿ ಎದೆಹಾಲನ್ನು ನಿಲ್ಲಿಸುವ ಅಗತ್ಯವಿಲ್ಲ.

ನೋವನ್ನು ಶಮನಗೊಳಿಸುವ ಆರೈಕೆ

ಔಷಧದಷ್ಟೇ ಮುಖ್ಯವಾದುದು ದಿನನಿತ್ಯದ ಆರೈಕೆ. ದಿನಕ್ಕೆ ಮೂರು ನಾಲ್ಕು ಬಾರಿ, ಪ್ರತಿ ಸಲ ಹತ್ತು ಹದಿನೈದು ನಿಮಿಷ, ಮಗುವನ್ನು ಲಂಗೋಟಿಯಿಲ್ಲದೆ ಮಲಗಿಸುವುದು ಅತ್ಯಂತ ಪರಿಣಾಮಕಾರಿ. ಕೆಳಗೆ ಹಳೆಯ ಹತ್ತಿಬಟ್ಟೆಯನ್ನು ಹಾಸಿದರೆ ಸಾಕು. ರಬ್ಬರ್ ಹಾಸಿನ ಮೇಲೆ ಬರಿಮೈಯಲ್ಲಿ ಮಲಗಿಸಿದರೆ ಬೆವರು, ಮೂತ್ರಗಳು ಕೆಳಗೇ ನಿಂತು ಪ್ರಯೋಜನವಾಗುವುದಿಲ್ಲ. ಅದರ ಮೇಲೆ ದಪ್ಪನೆಯ ಬಟ್ಟೆಯಿರಬೇಕು.

ಮಲವಿಸರ್ಜನೆಯಾದ ಕೂಡಲೇ ಬಟ್ಟೆ ಬದಲಿಸಬೇಕು. ಹಗಲಿನಲ್ಲಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿ ಒಮ್ಮೆಯಾದರೂ ನೋಡಬೇಕು. ಶುಚಿಗೊಳಿಸಲು ಉಗುರುಬೆಚ್ಚಗಿನ ನೀರು ಮತ್ತು ಹತ್ತಿ ಸಾಕು. ಚರ್ಮ ಸುಲಿದಿದ್ದರೆ ಒರೆಸುವುದಕ್ಕಿಂತ ಚೊಂಬಿನಿಂದ ಮೆಲ್ಲಗೆ ನೀರು ಹನಿಸಿ ತೊಳೆಯುವುದು ಮಗುವಿಗೆ ಹಿತ. ಒಣಗಿ ಅಂಟಿಕೊಂಡ ಮಲವನ್ನು ಸ್ವಲ್ಪ ಕೊಬ್ಬರಿ ಎಣ್ಣೆಯಿಂದ ಮೆತ್ತಗೆ ಮಾಡಿ ತೆಗೆಯಬಹುದು. ಸುವಾಸನೆ ಅಥವಾ ಮದ್ಯಸಾರವಿರುವ ಒದ್ದೆ ಕಾಗದದ ವೈಪ್‌ಗಳು ಉರಿ ಹೆಚ್ಚಿಸುತ್ತವೆ. ಹೆಣ್ಣುಮಕ್ಕಳನ್ನು ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಬೇಕು.

ಸೊಂಟಕ್ಕೆ ಕಟ್ಟುವ ಉಡಿದಾರವೂ ಗಮನಿಸಬೇಕಾದ ವಸ್ತು. ಹತ್ತಿಯ ದಾರ ಸ್ನಾನದ ನೀರನ್ನೂ ಮೂತ್ರವನ್ನೂ ಹೀರಿ ದಿನವಿಡೀ ತೇವವಾಗಿರುತ್ತದೆ. ದದ್ದು ಇರುವಷ್ಟು ದಿನ ಅದನ್ನು ಬಿಚ್ಚಿಡುವುದು ಅಥವಾ ಒಣಗಿದ ಹೊಸ ದಾರವನ್ನು ಸಡಿಲವಾಗಿ ಕಟ್ಟುವುದು ಒಳ್ಳೆಯದು.

ಸ್ಟೀರಾಯ್ಡ್ ಬೆರೆತ ಮುಲಾಮುಗಳ ಅಪಾಯ

ಭಾರತದಲ್ಲಿ ಚರ್ಮದ ತೊಂದರೆಗೆ ಔಷಧದಂಗಡಿಯಿಂದ ನೇರವಾಗಿ ಮುಲಾಮು ತಂದು ಹಚ್ಚುವ ರೂಢಿ ವ್ಯಾಪಕವಾಗಿದೆ. ಹೀಗೆ ಮಾರಾಟವಾಗುವ ಅನೇಕ ಮುಲಾಮುಗಳಲ್ಲಿ ಶಿಲೀಂಧ್ರನಾಶಕ, ಬ್ಯಾಕ್ಟೀರಿಯಾನಾಶಕ ಮತ್ತು ಪ್ರಬಲ ಸ್ಟೀರಾಯ್ಡ್ ಒಟ್ಟಿಗೇ ಬೆರೆತಿರುತ್ತವೆ. ಮನೆಯ ಹಿರಿಯರೊಬ್ಬರ ತುರಿಕೆಗೆಂದು ತಂದ ಟ್ಯೂಬನ್ನೇ ಮಗುವಿಗೂ ಹಚ್ಚುವುದುಂಟು. ಸ್ಟೀರಾಯ್ಡ್ ಉರಿಯೂತವನ್ನು ತಕ್ಷಣ ಅಡಗಿಸುವುದರಿಂದ ಒಂದೇ ದಿನದಲ್ಲಿ ಕೆಂಪು ಇಳಿದಂತೆ ಕಾಣುತ್ತದೆ. ಮನೆಯವರಿಗೆ ಮದ್ದಿನ ಮೇಲೆ ನಂಬಿಕೆ ಹುಟ್ಟುವುದೂ ಇದರಿಂದಲೇ. ಆದರೆ ಚರ್ಮದ ರೋಗನಿರೋಧಕ ಶಕ್ತಿ ಕುಗ್ಗಿ ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ನಿಲ್ಲಿಸಿದೊಡನೆ ದದ್ದು ಮೊದಲಿಗಿಂತ ತೀವ್ರವಾಗಿ ಮರಳುತ್ತದೆ. ಮತ್ತೆ ಅದನ್ನೇ ಹಚ್ಚಲಾಗುತ್ತದೆ.

ಶಿಶುವಿನ ಚರ್ಮ ತೆಳುವಾದುದು. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ವಯಸ್ಕರಿಗಿಂತ ಹೆಚ್ಚು. ಮೇಲಾಗಿ ಡೈಪರ್ ಗಾಳಿಯಾಡದ ಬಿಗಿಪಟ್ಟಿಯಂತೆ ವರ್ತಿಸಿ ಔಷಧವನ್ನು ಒಳಕ್ಕೆ ತಳ್ಳುತ್ತದೆ. ಹೀಗೆ ವಾರಗಟ್ಟಲೆ ಪ್ರಬಲ ಸ್ಟೀರಾಯ್ಡ್ ದೇಹವನ್ನು ಸೇರಿದರೆ ಚರ್ಮ ತೆಳುವಾಗಿ ಸೀಳುಗೆರೆಗಳು ಮೂಡುತ್ತವೆ. ಪೃಷ್ಠದಲ್ಲಿ ಕೆನ್ನೇರಳೆ ಬಣ್ಣದ ಗಂಟುಗಳು ಏಳಬಹುದು. ಇನ್ನೂ ಮುಂದುವರಿದರೆ ಮುಖ ದುಂಡಗೆ ಊದಿಕೊಂಡು, ಬೆಳವಣಿಗೆ ಕುಂಠಿತವಾಗಿ, ಸೋಂಕುಗಳನ್ನು ಎದುರಿಸುವ ಶಕ್ತಿ ಕುಂದುವ ಕುಶಿಂಗ್ ಸಿಂಡ್ರೋಮ್ ಉಂಟಾಗುತ್ತದೆ. ಮುಖ ದುಂಡಗಾಗುವುದನ್ನು ಮನೆಯವರು ಮಗು ಮೈ ತುಂಬಿಕೊಂಡಿದೆ ಎಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ. ಹೀಗೆ ದೀರ್ಘಕಾಲ ಹಚ್ಚಿದ ಮುಲಾಮನ್ನು ಕೂಡಲೇ ವೈದ್ಯರಿಗೆ ತೋರಿಸಬೇಕು. ದೇಹ ತನ್ನ ಸ್ವಂತ ಹಾರ್ಮೋನು ತಯಾರಿಕೆಯನ್ನು ಕಡಿಮೆ ಮಾಡಿರುವ ಸಂಭವವಿರುವುದರಿಂದ ನಿಲ್ಲಿಸುವ ವಿಧಾನವನ್ನು ಅವರೇ ಹೇಳಬೇಕು.

ಟ್ಯೂಬಿನ ಮೇಲಿನ ಹೆಸರನ್ನು ಓದಿ ಗುರುತಿಸಲು ಒಂದು ಸುಲಭ ದಾರಿಯಿದೆ. ಕ್ಲೋಟ್ರಿಮಜೋಲ್, ಮೈಕೊನಜೋಲ್ ಮುಂತಾದ ಶಿಲೀಂಧ್ರನಾಶಕಗಳ ಹೆಸರು "ಜೋಲ್" ಎಂದು ಮುಗಿಯುತ್ತದೆ. ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಮುಂತಾದ ಸ್ಟೀರಾಯ್ಡ್‌ಗಳು "ಸೋನ್" ಅಥವಾ "ಸಾಲ್" ಎಂದು ಮುಗಿಯುತ್ತವೆ. ಈ ಎರಡನೆಯ ಬಗೆಯ ಹೆಸರು ಕಂಡರೆ ವೈದ್ಯರನ್ನು ಕೇಳದೆ ಮಗುವಿಗೆ ಹಚ್ಚಬಾರದು. ಉರಿಯೂತ ತೀವ್ರವಾಗಿದ್ದಾಗ ಶೇಕಡಾ 1ರ ಹೈಡ್ರೊಕಾರ್ಟಿಸೋನ್ ಎಂಬ ಸೌಮ್ಯ ಸ್ಟೀರಾಯ್ಡನ್ನು ಕೆಲವೇ ದಿನಗಳ ಮಟ್ಟಿಗೆ ವೈದ್ಯರು ಸೂಚಿಸುವುದುಂಟು. ಅದರ ನಿರ್ಧಾರ ಅವರದೇ.

ಈ ದುರ್ಬಳಕೆಯ ವಿರುದ್ಧ ಭಾರತೀಯ ಚರ್ಮರೋಗ ತಜ್ಞರ ಸಂಘ ಪ್ರತ್ಯೇಕ ಕಾರ್ಯಪಡೆಯನ್ನು ರಚಿಸಿ ಜಾಗೃತಿ ಮೂಡಿಸಿದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಅನುಸೂಚಿಗೆ ಸೇರಿಸಿತು.

ಮನೆಮದ್ದುಗಳು

ಕರ್ನಾಟಕದ ಬಾಣಂತನದ ಸಂಪ್ರದಾಯದಲ್ಲಿ ಎಣ್ಣೆ ನೀವಿ ಬಿಸಿನೀರು ಎರೆಯುವುದು, ಕಡಲೆಹಿಟ್ಟು ಅಥವಾ ಹೆಸರುಹಿಟ್ಟಿನಿಂದ ಮೈ ತೊಳೆಯುವುದು, ಸಾಂಬ್ರಾಣಿ ಹೊಗೆ ಹಾಕುವುದು, ಮೈಗೆ ಪುಡಿ ಹಚ್ಚುವುದು ವಾಡಿಕೆ. ಇವುಗಳಲ್ಲಿ ಕೆಲವು ದದ್ದಿನ ಸಂದರ್ಭದಲ್ಲಿ ನಿರಪಾಯ, ಕೆಲವು ಹಾನಿಕರ.

- ಕೊಬ್ಬರಿ ಎಣ್ಣೆ: ಚರ್ಮಕ್ಕೆ ಸೌಮ್ಯವಾದುದು, ತೆಳುವಾಗಿ ಹಚ್ಚಿದರೆ ರಕ್ಷಕ ಪದರವಾಗುತ್ತದೆ. ಆದರೆ ಯೀಸ್ಟ್ ದದ್ದಿಗೆ ಅದೊಂದೇ ಸಾಲದು.
- ಹಿಟ್ಟುಗಳು: ಸುಲಿದ ಚರ್ಮವನ್ನು ಹಿಟ್ಟಿನಿಂದ ಉಜ್ಜಬಾರದು. ಹಿಟ್ಟಿನ ಕಣಗಳು ಮಡಿಕೆಗಳಲ್ಲಿ ಉಳಿದು ತೇವವನ್ನು ಹಿಡಿದಿಡುತ್ತವೆ.
- ಟಾಲ್ಕಂ ಪುಡಿ: ಗಾಳಿಯಲ್ಲಿ ಹಾರುವ ಪುಡಿ ಮಗುವಿನ ಶ್ವಾಸಕೋಶವನ್ನು ಸೇರುವ ಅಪಾಯವಿದೆ. ಒದ್ದೆಯಾದಾಗ ಅದು ಗಂಟುಕಟ್ಟಿ ಚರ್ಮವನ್ನು ಉಜ್ಜುತ್ತದೆ.
- ಬೋರಿಕ್ ಪುಡಿ: ಸುಲಿದ ಚರ್ಮದ ಮೂಲಕ ರಕ್ತವನ್ನು ಸೇರುವ ವಿಷ. ಹಿಂದೆ ಇದನ್ನು ಡೈಪರ್ ದದ್ದಿಗೆ ಬಳಸಿ ಶಿಶುಗಳು ಮೃತಪಟ್ಟ ನಿದರ್ಶನಗಳು ವೈದ್ಯಕೀಯ ಸಾಹಿತ್ಯದಲ್ಲಿವೆ.
- ಕರ್ಪೂರ ಬೆರೆಸಿದ ಎಣ್ಣೆ: ಕರ್ಪೂರ ಚರ್ಮದ ಮೂಲಕವೂ ದೇಹವನ್ನು ಸೇರಿ ಶಿಶುಗಳಲ್ಲಿ ಸೆಳೆತ ಉಂಟುಮಾಡಬಲ್ಲದು. ಇದನ್ನು ಹಚ್ಚಲೇಬಾರದು.
- ಅಡುಗೆ ಸೋಡಾ: ಸುಲಿದ ಚರ್ಮಕ್ಕೆ ಪದೇ ಪದೇ ಹಚ್ಚಿದರೆ ರಕ್ತದ ಲವಣಗಳ ಸಮತೋಲನ ತಪ್ಪಬಹುದು.
- ಅರಿಸಿನ, ಬೇವು, ಮೊಸರು: ಯೀಸ್ಟ್ ದದ್ದನ್ನು ಇವು ಗುಣಪಡಿಸುತ್ತವೆ ಎನ್ನಲು ಸಾಕಷ್ಟು ಆಧಾರವಿಲ್ಲ. ಸುಲಿದ ಚರ್ಮದಲ್ಲಿ ಇವು ಉರಿ ತರಬಹುದು.
- ನೇರಳೆ ಔಷಧ: ಹಿಂದಿನ ತಲೆಮಾರು ಬಳಸುತ್ತಿದ್ದ ಜೆನ್ಷಿಯನ್ ವಯಲೆಟ್ ಶಿಲೀಂಧ್ರವನ್ನು ಕೊಲ್ಲುವುದು ನಿಜ. ಆದರೆ ಅದು ಚರ್ಮವನ್ನು ಕೆರಳಿಸುತ್ತದೆ, ಬಣ್ಣ ಹಿಡಿಸಿ ದದ್ದಿನ ಸ್ಥಿತಿಯನ್ನು ಮರೆಮಾಡುತ್ತದೆ. ಅದರ ಸುರಕ್ಷತೆಯ ಬಗ್ಗೆ 2019ರಲ್ಲಿ ಕೆನಡಾದ ಆರೋಗ್ಯ ಇಲಾಖೆ ಎಚ್ಚರಿಕೆ ನೀಡಿತು.

ದದ್ದು "ಉಷ್ಣ"ದಿಂದ ಬರುತ್ತದೆಂಬ ನಂಬಿಕೆಯಿಂದ ಬಾಣಂತಿಯ ಊಟವನ್ನು ಇನ್ನಷ್ಟು ಕಡಿತಗೊಳಿಸುವುದುಂಟು. ಯೀಸ್ಟ್ ದದ್ದಿಗೂ ತಾಯಿಯ ಸಾಮಾನ್ಯ ಊಟಕ್ಕೂ ಸಂಬಂಧವಿಲ್ಲ. ಹಾಲೂಡುವ ತಾಯಿಗೆ ಹೊಟ್ಟೆತುಂಬ ಪೌಷ್ಟಿಕ ಆಹಾರ ಬೇಕು.

ಲಂಗೋಟಿ, ಡೈಪರ್ ಮತ್ತು ಮಳೆಗಾಲ

ಹಾಸನ ಜಿಲ್ಲೆ ಈ ಸಮಸ್ಯೆಯನ್ನು ಅರಿಯಲು ಒಂದು ಒಳ್ಳೆಯ ನಿದರ್ಶನ. ಜಿಲ್ಲೆಯ ಪಶ್ಚಿಮದಲ್ಲಿ ಸಕಲೇಶಪುರದ ಮಲೆನಾಡು, ಪೂರ್ವದಲ್ಲಿ ಚನ್ನರಾಯಪಟ್ಟಣ, ಅರಸೀಕೆರೆಗಳ ಬಯಲುಸೀಮೆ. ನಡುವೆ ಅರಕಲಗೂಡಿನಂಥ ಅರೆಮಲೆನಾಡು. ಅರಕಲಗೂಡು ತಾಲ್ಲೂಕಿನ ಕೊಣನೂರು ಕಾವೇರಿಯ ದಡದ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನ ದಿನಗಳಲ್ಲಿ ಇಂಥ ಊರುಗಳಲ್ಲಿ ಬಿಸಿಲು ಕಾಣುವುದು ಕಡಿಮೆ, ಗಾಳಿಯಲ್ಲಿ ತೇವ ಹೆಚ್ಚು. ದಿನಕ್ಕೆ ಹತ್ತಾರು ಲಂಗೋಟಿ ಒಗೆಯುವ ಮನೆಯಲ್ಲಿ ಅವು ಒಣಗುವುದೇ ಇಲ್ಲ. ಅರೆಒಣಗಿದ, ಮುಗ್ಗಲು ವಾಸನೆಯ ಬಟ್ಟೆಯನ್ನೇ ಮತ್ತೆ ಕಟ್ಟಿದಾಗ ಶಿಲೀಂಧ್ರಕ್ಕೆ ಅನುಕೂಲವಾದ ತೇವ ಮಗುವಿನ ಮೈಮೇಲೆ ಸದಾ ಉಳಿಯುತ್ತದೆ.

ಹಳೆಯ ಸೀರೆ, ಪಂಚೆಗಳಿಂದ ಹರಿದು ಮಾಡಿದ ಹತ್ತಿಯ ಲಂಗೋಟಿ ಮೆತ್ತಗಿದ್ದು ಗಾಳಿಯಾಡುತ್ತದೆ. ಒದ್ದೆಯಾದುದು ಕೂಡಲೇ ತಿಳಿಯುತ್ತದೆ. ಆದರೆ ತೇವವನ್ನು ಚರ್ಮದಿಂದ ದೂರವಿಡುವ ಗುಣ ಅದಕ್ಕಿಲ್ಲ. 1980ರ ದಶಕದಿಂದ ಬಳಕೆಗೆ ಬಂದ, ತೇವವನ್ನು ಹೀರಿ ಜೆಲ್‌ನಂತೆ ಹಿಡಿದಿಡುವ ಡೈಪರ್‌ಗಳು ಚರ್ಮವನ್ನು ಹೆಚ್ಚು ಒಣಗಿಸಿಡುತ್ತವೆ. ಆದರೆ ಬೆಲೆಯ ಕಾರಣದಿಂದ ಒಂದೇ ಡೈಪರನ್ನು ರಾತ್ರಿಯಿಡೀ ಅಥವಾ ಬಸ್ಸಿನ ಪ್ರಯಾಣವಿಡೀ ಬಿಟ್ಟರೆ ಆ ಅನುಕೂಲ ಇಲ್ಲವಾಗುತ್ತದೆ. ಆದ್ದರಿಂದ ಲಂಗೋಟಿಯೇ ಡೈಪರೇ ಎಂಬ ಪ್ರಶ್ನೆಗಿಂತ ಎಷ್ಟು ಬೇಗ ಬದಲಿಸಲಾಗುತ್ತದೆ ಎಂಬುದು ಮುಖ್ಯ. ದದ್ದು ಇರುವಾಗ ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಲೇಬಾರದು.

ಮಳೆಗಾಲದಲ್ಲಿ ಅನುಸರಿಸಬಹುದಾದ ಕ್ರಮಗಳು:

- ಮಲದ ಬಟ್ಟೆಯನ್ನೂ ಮೂತ್ರದ ಬಟ್ಟೆಯನ್ನೂ ಬೇರೆ ಬೇರೆ ನೆನೆಸಿ ಒಗೆಯಬೇಕು.
- ದದ್ದು ಇರುವಷ್ಟು ದಿನ ಲಂಗೋಟಿಗಳನ್ನು ಕುದಿಯುವ ನೀರಿನಲ್ಲಿ ಅದ್ದಿಡಬೇಕು. ಸೋಪು ಪೂರ್ತಿ ಹೋಗುವವರೆಗೆ ಎರಡು ಮೂರು ನೀರಿನಲ್ಲಿ ಜಾಲಿಸಬೇಕು. ಕೊನೆಯ ನೀರಿಗೆ ಕ್ರಿಮಿನಾಶಕ ದ್ರಾವಣ ಬೆರೆಸಿದರೆ ಅದರ ಶೇಷ ಬಟ್ಟೆಯಲ್ಲಿ ಉಳಿದು ಚರ್ಮವನ್ನು ಕೆರಳಿಸುತ್ತದೆ.
- ಬಿಸಿಲಿಲ್ಲದಾಗ ಒಳಗೆ ಗಾಳಿಯಾಡುವಲ್ಲಿ, ಒಂದರ ಮೇಲೊಂದು ಬೀಳದಂತೆ ಹರವಿ, ಅನಂತರ ಎರಡೂ ಬದಿ ಬಿಸಿ ಇಸ್ತ್ರಿ ಹಾಕಬೇಕು. ಇಸ್ತ್ರಿಯ ಶಾಖ ಉಳಿದ ತೇವವನ್ನು ತೆಗೆಯುತ್ತದೆ, ಶಿಲೀಂಧ್ರವನ್ನೂ ಕೊಲ್ಲುತ್ತದೆ.
- ಬಚ್ಚಲ ಒಲೆಯ ಬಳಿ ಒಣಗಿಸುವಾಗ ಹೊಗೆ, ಮಸಿ ಹಿಡಿಯದಂತೆ ನೋಡಿಕೊಳ್ಳಬೇಕು. ಮಗು ಮಲಗುವ ಕೋಣೆಯಲ್ಲಿ ಕೆಂಡದ ಮೇಲೆ ಬಟ್ಟೆ ಒಣಗಿಸುವುದು ಹೊಗೆ ಮತ್ತು ಬೆಂಕಿಯ ದೃಷ್ಟಿಯಿಂದ ಅಪಾಯಕಾರಿ.
- ಮಳೆಗಾಲಕ್ಕೆ ಮೊದಲೇ ಹೆಚ್ಚುವರಿ ಲಂಗೋಟಿಗಳನ್ನು ಸಿದ್ಧಮಾಡಿಟ್ಟುಕೊಳ್ಳುವುದು ಲೇಸು.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಮಗುವಿಗೆ ಆರು ವಾರ ತುಂಬಿಲ್ಲದಿದ್ದರೆ ದದ್ದು ಕಂಡೊಡನೆ ವೈದ್ಯರಿಗೆ ತೋರಿಸಬೇಕು. ಉಳಿದವರಲ್ಲಿ ಮನೆಯ ಆರೈಕೆಯಿಂದ ಮೂರು ದಿನಗಳಲ್ಲಿ ಕಡಿಮೆಯಾಗದಿದ್ದರೆ, ಅಥವಾ ಶಿಲೀಂಧ್ರನಾಶಕ ಹಚ್ಚಿದರೂ ಒಂದು ವಾರದಲ್ಲಿ ಇಳಿಯದಿದ್ದರೆ ಪರೀಕ್ಷೆ ಅಗತ್ಯ. ಕೆಳಗಿನ ಲಕ್ಷಣಗಳಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು:

- ಜ್ವರ. ಮೂರು ತಿಂಗಳೊಳಗಿನ ಶಿಶುವಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಡಿಗ್ರಿ ಫ್ಯಾರನ್‌ಹೀಟ್) ಅಥವಾ ಹೆಚ್ಚು ಜ್ವರವಿದ್ದರೆ ಸ್ವಲ್ಪವೂ ತಡಮಾಡಬಾರದು.
- ಕೀವು, ರಕ್ತಸ್ರಾವ, ನೀರುಗುಳ್ಳೆ ಅಥವಾ ಆಳವಾದ ಹುಣ್ಣು.
- ದದ್ದು ಹೊಟ್ಟೆ, ಬೆನ್ನು, ಮುಖಗಳಿಗೆ ಹರಡುವುದು.
- ಮಗು ಹಾಲು ಕುಡಿಯದಿರುವುದು ಅಥವಾ ಅತಿಯಾಗಿ ಮಂಕಾಗಿರುವುದು.

ದದ್ದು ಮತ್ತೆ ಮತ್ತೆ ಮರುಕಳಿಸುತ್ತಿದ್ದು, ಜೊತೆಗೆ ಬಾಯಿಯ ಸೋಂಕು ವಾಸಿಯಾಗದೆ ತೂಕವೂ ಏರದಿದ್ದರೆ, ರೋಗನಿರೋಧಕ ಶಕ್ತಿಯ ಕೊರತೆ ಅಥವಾ ಮಧುಮೇಹದಂಥ ಒಳಕಾರಣಗಳನ್ನು ವೈದ್ಯರು ಪರೀಕ್ಷಿಸುತ್ತಾರೆ.

ಸರ್ಕಾರಿ ಆರೋಗ್ಯ ವ್ಯವಸ್ಥೆ

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ 2005ರಲ್ಲಿ ರೂಪುಗೊಂಡ ಆಶಾ ಕಾರ್ಯಕರ್ತೆಯರು ನವಜಾತ ಶಿಶುವಿನ ಮನೆಗೆ ಭೇಟಿ ನೀಡುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಶಿಶುವಿಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆರು ಭೇಟಿಗಳು ನಿಗದಿಯಾಗಿವೆ. ಮನೆಯಲ್ಲಿ ಹೆರಿಗೆಯಾದರೆ ಮೊದಲ ದಿನದ ಭೇಟಿಯೂ ಸೇರುತ್ತದೆ. 2018ರಲ್ಲಿ ಆರಂಭವಾದ ಕಾರ್ಯಕ್ರಮದಡಿ 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿಯೂ ಭೇಟಿಗಳಿವೆ. ಈ ಭೇಟಿಗಳ ವೇಳೆ ತಾಯಂದಿರು ಸಂಕೋಚವಿಲ್ಲದೆ ದದ್ದನ್ನು ತೋರಿಸಬಹುದು. ಮುಂದಿನ ಹಂತದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಗಳಿವೆ. ಹಾಸನದಲ್ಲಿ 2006ರಲ್ಲಿ ಸ್ಥಾಪನೆಯಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಅದರ ಬೋಧನಾ ಆಸ್ಪತ್ರೆಯೂ ಇವೆ. ಕರ್ನಾಟಕದ ಆರೋಗ್ಯ ಸಹಾಯವಾಣಿಯ ಸಂಖ್ಯೆ 104.

ಇತಿಹಾಸ

1839ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಫಾನ್ ಲಾಂಗೆನ್‌ಬೆಕ್ ಜ್ವರಪೀಡಿತ ರೋಗಿಯೊಬ್ಬರ ಬಾಯಿಯ ಬಿಳಿಯ ಪದರದಲ್ಲಿ ಶಿಲೀಂಧ್ರವನ್ನು ಕಂಡು ವರ್ಣಿಸಿದರು. ಕ್ಯಾಂಡಿಡಾ ಎಂಬ ಕುಲನಾಮವನ್ನು 1923ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಸ್ಯವಿಜ್ಞಾನಿ ಕ್ರಿಸ್ಟೀನ್ ಮರೀ ಬರ್ಕ್‌ಹೌಟ್ ನೀಡಿದರು. ದೀರ್ಘಕಾಲ ಇದಕ್ಕೆ ಸುರಕ್ಷಿತ ಔಷಧವಿರಲಿಲ್ಲ. 1950ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯ ಆರೋಗ್ಯ ಇಲಾಖೆಯ ವಿಜ್ಞಾನಿಗಳಾದ ಎಲಿಜಬೆತ್ ಲೀ ಹೇಜನ್ ಮತ್ತು ರೇಚಲ್ ಫುಲ್ಲರ್ ಬ್ರೌನ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ನಿಸ್ಟಾಟಿನ್ ಔಷಧವನ್ನು ಬೇರ್ಪಡಿಸಿದುದನ್ನು ಪ್ರಕಟಿಸಿದರು. ಇಬ್ಬರೂ ಬೇರೆ ಬೇರೆ ನಗರಗಳಲ್ಲಿ ಕೆಲಸ ಮಾಡುತ್ತ, ಮಣ್ಣಿನ ಮಾದರಿಗಳನ್ನು ಅಂಚೆಯ ಮೂಲಕ ಕಳುಹಿಸಿಕೊಳ್ಳುತ್ತಿದ್ದರು. ನ್ಯೂಯಾರ್ಕ್ ಸ್ಟೇಟ್ ಎಂಬುದರಿಂದಲೇ ಔಷಧಕ್ಕೆ ನಿಸ್ಟಾಟಿನ್ ಎಂಬ ಹೆಸರು ಬಂದಿತು. ಅದರಿಂದ ಬಂದ ಗೌರವಧನವನ್ನು ಇಬ್ಬರೂ ತಮಗಾಗಿ ಇಟ್ಟುಕೊಳ್ಳದೆ ವೈಜ್ಞಾನಿಕ ಸಂಶೋಧನೆಗೆ ಮೀಸಲಿಟ್ಟರು. ಕ್ಲೋಟ್ರಿಮಜೋಲ್ ಮತ್ತು ಮೈಕೊನಜೋಲ್ 1960ರ ದಶಕದ ಉತ್ತರಾರ್ಧದಲ್ಲಿ ರೂಪುಗೊಂಡು ಅನಂತರ ಬಳಕೆಗೆ ಬಂದವು.